ಬಾಕಾಹು, ಅಪ್ಪೆಮಿಡಿ, ಮೈಲುತುತ್ತ: ಫೋನಲ್ಲಿ ಕಲಿಯೋದು, ಫೋನಲ್ಲಿ ಮಾರೋದು

ಸೋಶಿಯಲ್ ಮೀಡಿಯಾದಿಂದ ಏನು ಉಪಯೋಗ, ಬರೀ ಟೈಂ ಹಾಳು ಅಂತ ಯಾರಾದ್ರೂ ಅಂದ್ರೆ ನಾನು ಮೊದಲು ತೆಗೆಯೋದು ಬಾಕಾಹು, ಅಂದ್ರೆ ಬಾಳೆಕಾಯಿ ಹುಡಿ ವಿಷಯ. 2021ರಲ್ಲಿ ಕೊರೊನಾ ಎರಡನೇ ಅಲೆ, ಲಾಕ್‌ಡೌನ್, ಬಾಳೆಕಾಯಿ ಕೇಳೋರೇ ಇಲ್ಲ. ಮದುವೆ ಮುಂಜಿ ಇಲ್ಲ, ಹೋಟೆಲ್ ಬಂದ್, ದೇವಸ್ಥಾನ ಬಂದ್, ಗೊನೆ ಮರದಲ್ಲೇ ಹಣ್ಣಾಗಿ ಬಾವಲಿ ಪಾಲು. ಆಗ ಪುತ್ತೂರಿನ "ಅಡಿಕೆ ಪತ್ರಿಕೆ" ಅನ್ನೋ ಕೃಷಿ ಮಾಸಿಕದವರು, ಅದರ ಸಂಪಾದಕರು ಶ್ರೀ ಪಡ್ರೆ ಅವರು, ಕಾಯಿ ಇರುವಾಗಲೇ ಹೆಚ್ಚಿ ಒಣಗಿಸಿ ಹುಡಿ ಮಾಡಿಟ್ಕೊಳ್ಳಿ ಅಂತ ಒಂದು ಅಭಿಯಾನವನ್ನೇ ಶುರು ಮಾಡಿದ್ರು. ಬಾಳೆಕಾಯಿ ಹುಡಿ, ಚಿಕ್ಕದಾಗಿ ಬಾಕಾಹು. ಕೇರಳದಲ್ಲಿ ಸಣ್ಣ ಮಕ್ಕಳಿಗೆ ಈ ಹುಡಿಯ ಗಂಜಿ ಮಾಡಿ ತಿನ್ಸೋದು ಹಳೇ ರೂಢಿ, ನಮ್ಮ ಕಡೆ ಹೆಚ್ಚಿನವರಿಗೆ ಹೊಸದು. ಯಾರೂ ಯಾರ ಮನೆಗೂ ಹೋಗೋ ಹಾಗಿಲ್ಲದ ಆ ದಿನಗಳಲ್ಲಿ ಇದು ಹಬ್ಬಿದ್ದೆಲ್ಲ ವಾಟ್ಸಾಪು ಫೇಸ್‌ಬುಕ್ಕಿನ ಮೇಲೆ, ಮನೆಮನೆಯಿಂದ ದೋಸೆ, ರೊಟ್ಟಿ, ಗುಲಾಬ್ ಜಾಮೂನು ಅಂತ ಫೋಟೋ ಬರ್ತಿದ್ವು. ಆ ವರ್ಷ ಜುಲೈ 25ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯವರೇ ಉತ್ತರ ಕನ್ನಡ ಮತ್ತೆ ದಕ್ಷಿಣ ಕನ್ನಡದ ಹೆಂಗಸರು ಬಾಳೆಕಾಯಿ ಹಿಟ್ಟಿಂದ ಏನೇನು ಮಾಡ್ತಿದಾರೆ, ಅದನ್ನ ಹೇಗೆ ಸೋಶಿಯಲ್ ಮೀಡಿಯಾದಲ್ಲಿ ಹಂಚ್ಕೊಳ್ತಿದಾರೆ ಅಂತ ಹೇಳಿದ್ರು. ನಾವು ಶಿರಸಿ ಕಡೆಯವರು, ಅವತ್ತು ಮನೇಲಿ ಎಲ್ಲರಿಗೂ ಎಷ್ಟು ಖುಷಿ ಆಗಿತ್ತು ಅಂದ್ರೆ ಹೇಳೋಕಾಗಲ್ಲ.

ಆದ್ರೆ ನನಗೆ ಆ ಹೊಗಳಿಕೆಗಿಂತ ಜಾಸ್ತಿ ಮನಸಲ್ಲಿ ಉಳಿದಿದ್ದು ಆ ಗ್ರೂಪುಗಳಲ್ಲಿ ಮಾತುಕತೆ ನಡೆದ ರೀತಿ. ಒಬ್ಬರು ಹೋಳು ಕಪ್ಪಾಗಿರೋ ಫೋಟೋ ಹಾಕಿ ಯಾಕೆ ಹೀಗಾಯ್ತು ಅಂತ ಕೇಳ್ತಿದ್ರು. ಇನ್ನೊಬ್ಬರು ಹೆಚ್ಚಿದ ತಕ್ಷಣ ಮಜ್ಜಿಗೆ ನೀರಿಗೋ ಉಪ್ಪು ನೀರಿಗೋ ಹಾಕಿದ್ರಾ, ಸಿಪ್ಪೆ ಸಮೇತನಾ ತೆಗೆದಿದ್ದಾ, ಎಷ್ಟು ಬೆಳೆದ ಕಾಯಿ, ಅಂತ ತಿರುಗಿ ಕೇಳ್ತಿದ್ರು. ಮತ್ತೊಬ್ಬರು ಹೋಳು ಮುರಿದ್ರೆ ಲಟಕ್ ಅನ್ನಬೇಕು, ಬಾಗಿದ್ರೆ ಇನ್ನೂ ಒಣಗಿಲ್ಲ, ಹಾಗೇ ಗಿರಣಿಗೆ ಹಾಕಿದ್ರೆ ಹುಡಿಗೆ ಬೂಷ್ಟು ಬರತ್ತೆ ಅಂತ. ಎರಡು ದಿನ ಬಿಟ್ಟು ಮೊದಲು ಕೇಳಿದವರು ಹೊಸ ಫೋಟೋ ಹಾಕಿ ಈ ಸಲ ಬೆಳ್ಳಗೆ ಬಂತು ಅಂತ ಬರೀತಿದ್ರು. ಕೇಳೋದು, ಮಾಡೋದು, ಮಾಡಿದ್ಮೇಲೆ ಏನಾಯ್ತು ಅಂತ ವಾಪಸ್ ಬಂದು ಹೇಳೋದು. ಈ ಮೂರನೇದು ಇದ್ದಿದ್ದಕ್ಕೇ ಅದು ಕಲಿಕೆ ಆಯ್ತು, ಇಲ್ದಿದ್ರೆ ಇನ್ನೊಂದು ರೆಸಿಪಿ ಫಾರ್ವರ್ಡ್ ಆಗಿ ಮುಗೀತಿತ್ತು ಅಷ್ಟೇ. ಇನ್ನೊಂದು ವಿಷಯ, ಅಲ್ಲಿ ಬಿಚ್ಚು ಮನಸ್ಸಿಂದ ಹೇಳಿಕೊಟ್ಟವರ ಹತ್ರಾನೇ ಆಮೇಲೆ ಜನ ಹುಡಿ ಕೊಂಡ್ಕೊಂಡಿದ್ದು. ಮಾಡೋ ವಿಧಾನ ಪೂರ್ತಿ ಹೇಳಿಬಿಟ್ರೆ ನಮ್ಮ ವ್ಯಾಪಾರ ಏನಾಗ್ಬೇಕು ಅಂತ ಹೆದರ್ತೀವಲ್ಲ, ಹಾಗಾಗ್ಲೇ ಇಲ್ಲ. ಪಟ್ಟಣದಲ್ಲಿ ಫ್ಲಾಟಲ್ಲಿ ಇರೋರಿಗೆ ಬಾಳೆಕಾಯಿ ಒಣಗಿಸೋಕೆ ಅಂಗಳ ಎಲ್ಲಿಂದ ಬರಬೇಕು, ಅವರು ಎಲ್ಲ ಓದಿ ಅರ್ಥ ಮಾಡ್ಕೊಂಡು, ಇವರು ಸರಿಯಾಗಿ ಮಾಡ್ತಾರೆ ಅಂತ ನಂಬಿಕೆ ಬಂದ್ಮೇಲೆ ಒಂದು ಕೇಜಿ ಕಳ್ಸಿ ಅಂತಾರೆ. ವ್ಯಾಪಾರಕ್ಕೂ ಕಲಿಕೆಗೂ ಈ ಜಾಲತಾಣಗಳನ್ನ ಬಳಸೋರಿಗೆ ನಾನು ಹೇಳಬೇಕು ಅಂದ್ಕೊಂಡಿರೋದು ಇದೊಂದೇ, ಕಲಿಸೋ ಜಾಗದಲ್ಲೇ ವ್ಯಾಪಾರ ಹುಟ್ಟತ್ತೆ, ಬರೀ ಮಾರೋಕೆ ಅಂತ ಕೂತ್ರೆ ಅಲ್ಲಿ ಯಾರೂ ನಿಲ್ಲಲ್ಲ.

ನಮ್ಮ ಮನೇದೇ ಹೇಳ್ತೀನಿ. ನಮ್ಮ ಅತ್ತಿಗೆ ಅಪ್ಪೆಮಿಡಿ, ಅಂದ್ರೆ ನಮ್ಮ ಕಡೆಯ ಪರಿಮಳದ ಎಳೆ ಮಾವಿನಮಿಡಿ, ಅದರ ಉಪ್ಪಿನಕಾಯಿ ಮಾಡ್ತಾರೆ, ಫೋನಿನ ಕೆಲಸ ನಂದು. ಮೊದಲು ಬಾಟಲಿ ಫೋಟೋ ಹಾಕಿ ಉಪ್ಪಿನಕಾಯಿ ಲಭ್ಯವಿದೆ ಅಂತ ಬರೆದ್ರೆ ನಾಲ್ಕು ಜನ ಹೆಬ್ಬೆರಳು ಎತ್ತೋರು, ಮುಗೀತು. ಈಗ ಮಿಡಿ ಬಂದ ದಿನದಿಂದಾನೇ ಹಾಕ್ತೀವಿ. ಇದು ಹೊಳೆಸಾಲಿನ ಮರದ್ದು, ಇದು ಜೀರಿಗೆ ಪರಿಮಳದ್ದು, ತೊಟ್ಟು ನೋಡಿ ಹೇಗಿದೆ, ತೊಟ್ಟು ಕಿತ್ತು ಹೋದ್ರೆ ಸೊನೆ ಹೋಗತ್ತೆ, ಸೊನೆ ಹೋದ ಮಿಡಿಗೆ ಪರಿಮಳಾನೂ ಇಲ್ಲ, ಬಾಳಿಕೆನೂ ಇಲ್ಲ, ಅದಕ್ಕೇ ಕೊಯ್ಯೋರು ಮರ ಹತ್ತಿ ಕೈಯಲ್ಲೇ ಕೊಯ್ದು ಬುಟ್ಟಿಯಲ್ಲಿ ಇಳಿಸ್ಬೇಕು, ಬಡಿದು ಬೀಳಿಸಿದ್ದು ನಮಗೆ ಬೇಡ. ಆಮೇಲೆ ಹರಳುಪ್ಪಿನಲ್ಲಿ ಪದರ ಪದರ ಹಾಕಿದ್ದು, ಮಿಡಿ ಚಿರುಟಿ ಉಪ್ಪುನೀರು ಬಿಟ್ಟಿದ್ದು, ಸಾಸಿವೆ ಮೆಣಸು ರುಬ್ಬಿದ್ದು. ಅಪ್ಪೆಮಿಡಿಗೆ ಜಿಐ ಟ್ಯಾಗ್, ಅಂದ್ರೆ ಇದು ಈ ಸೀಮೆಯದ್ದೇ ವಿಶೇಷ ಅನ್ನೋ ಸರ್ಕಾರಿ ಗುರುತು, ಇದೆ ಅಂತ ಎಲ್ಲರೂ ಬರೀತಾರೆ, ಆದ್ರೆ ಟ್ಯಾಗ್ ಇರೋದು ಯಾಕೆ ಅಂತ ಒಂದು ಮಿಡಿ ಮುರಿದು ತೋರಿಸಿದ್ರೆ ನೋಡೋರಿಗೆ ಗೊತ್ತಾಗತ್ತೆ. ಬೆಂಗಳೂರಲ್ಲಿರೋ ಹುಡುಗಿ ಒಬ್ಬಳು ಫೋನ್ ಮಾಡಿ, "ಅಕ್ಕಾ, ನಮ್ಮಜ್ಜಿ ಭರಣಿಗೆ ಬಟ್ಟೆ ಕಟ್ಟಿ ಇಡ್ತಿದ್ರು, ನೀವೂ ಹಾಗೇ ಕಟ್ಟಿದ್ದು ನೋಡಿ ಆರ್ಡರ್ ಮಾಡ್ತಿದೀನಿ" ಅಂದ್ಳು. ಆ ಬಟ್ಟೆ ಕಟ್ಟಿದ ಫೋಟೋನ ನಾನು ಅಷ್ಟೇನೂ ಯೋಚಿಸದೆ ಹಾಕಿದ್ದೆ.

ಫೋಟೋ ವಿಷಯ ಬಂತಲ್ಲ, ಒಂದು ಮಾತು. ದಯವಿಟ್ಟು ಗೂಗಲ್ಲಿಂದ ತೆಗೆದ ಫೋಟೋ ಹಾಕ್ಬೇಡಿ. ಕಿಟಕಿ ಪಕ್ಕ, ಬೆಳಗ್ಗೆ ಹೊತ್ತು, ಒಂದು ಬಿಳಿ ಪಂಚೆ ಹಾಸಿ ಅದರ ಮೇಲೆ ಇಟ್ಟು ತೆಗೆದ್ರೆ ಯಾವ ಕ್ಯಾಮೆರಾನೂ ಬೇಡ. ಬಣ್ಣ ಏರಿಸೋ ಫಿಲ್ಟರ್ ಹಾಕಿ ಉಪ್ಪಿನಕಾಯಿ ಕೆಂಪಗೆ ಮಾಡಿ ಕಳ್ಸಿದ್ರೆ, ಬಾಟಲಿ ಬಿಚ್ಚಿದವರಿಗೆ ಮೋಸ ಅನ್ಸತ್ತೆ, ಅದು ಅವರ ತಪ್ಪಲ್ಲ. ಸೀರೆ ಮಾರೋರಿಗಂತೂ ಇದು ಇನ್ನೂ ಮುಖ್ಯ. ಇಳಕಲ್ ಸೀರೆ ಆನ್‌ಲೈನಲ್ಲಿ ತಗೊಳ್ಳೋ ನನ್ನ ಗೆಳತಿಯರೆಲ್ಲ ಹೇಳೋದು ಒಂದೇ, ಟೋಪ್ ತೆನಿ ಅನ್ನೋ ಇಳಕಲ್ಲಿನ ಗುರುತಿನ ವಿನ್ಯಾಸದ ಸೆರಗು ಹತ್ತಿರದಿಂದ ತೋರಿಸಿ, ಸೆರಗನ್ನ ಒಡಲಿಗೆ ಕೊಂಡಿ ಹಾಕಿ ಸೇರಿಸಿರೋ ಜಾಗ ತೋರಿಸಿ, ಕೈಮಗ್ಗಾನೋ ಪವರ್‌ಲೂಮೋ ನೇರವಾಗಿ ಹೇಳಿ. ಪವರ್‌ಲೂಮ್ ಸೀರೆ ತಗೊಳ್ಳೋರೂ ಇದಾರೆ, ಅದಕ್ಕೆ ತಕ್ಕ ಬೆಲೆ ಕೊಡ್ತಾರೆ, ಆದ್ರೆ ಅದನ್ನೇ ಕೈಮಗ್ಗ ಅಂತ ಮಾರಿದ್ರೆ ನಿಜವಾಗಿ ಮಗ್ಗದ ಮೇಲೆ ಕೂತು ನೇಯ್ದೋರ ಹೊಟ್ಟೆ ಮೇಲೆ ಹೊಡೆದ ಹಾಗೆ.

ಮತ್ತೆ ಬೆಲೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮಲ್ಲಿ ಚಂದದ ಪದಾರ್ಥ ಹಾಕಿ ಕೆಳಗೆ ಬೆಲೆ ಕೇಳಿದವರಿಗೆಲ್ಲ "ಇನ್‌ಬಾಕ್ಸ್ ನೋಡಿ" ಅಂತ ಉತ್ತರ ಕೊಡೋದು ಯಾಕೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಸಂತೆಯಲ್ಲಿ ಕೂತೋರು ಗಿರಾಕಿ ಕಿವಿಯಲ್ಲಿ ಬೆಲೆ ಹೇಳ್ತಾರಾ? ಅರ್ಧ ಕೇಜಿಗೆ ಇಷ್ಟು, ಒಂದು ಕೇಜಿಗೆ ಇಷ್ಟು, ಕೊರಿಯರ್ ಬೇರೆ, ಎಷ್ಟು ದಿನದಲ್ಲಿ ಕಳಿಸ್ತೀವಿ, ದಾರಿಯಲ್ಲಿ ಬಾಟಲಿ ಒಡೆದ್ರೆ ಏನು ಮಾಡ್ತೀವಿ, ಇಷ್ಟನ್ನ ಬರೆದು ಹಾಕಿದ್ರೆ ಅರ್ಧ ಪ್ರಶ್ನೆ ಬರೋದೇ ಇಲ್ಲ. ಮನೆಯಲ್ಲಿ ಮಾಡಿದ ತಿಂಡಿ ಆದ್ರೂ ಮಾರೋದು ಅಂದ್ಮೇಲೆ ಎಫ್‌ಎಸ್‌ಎಸ್‌ಎಐ, ಅಂದ್ರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು, ಆ 14 ಅಂಕಿಯ ನಂಬರು, ತಯಾರಾದ ತಾರೀಕು, ಏನೇನು ಹಾಕಿದೀವಿ ಅನ್ನೋದು ಲೇಬಲ್ ಮೇಲೆ ಇರಬೇಕು. ನಾವು ಲೇಬಲ್ಲಿನ ಫೋಟೋನೂ ಹಾಕ್ತೀವಿ, ಅದನ್ನ ನೋಡಿನೇ ತಗೊಳ್ಳೋರು ಇದಾರೆ.

ವಾಟ್ಸಾಪ್ ಬಿಸಿನೆಸ್ ಆ್ಯಪ್ 2018ರಲ್ಲಿ ಬಂತು, ಇನ್ನೂ ಎಷ್ಟೋ ಜನ ಮನೆ ನಂಬರಲ್ಲೇ ವ್ಯಾಪಾರ ಮಾಡ್ತಾರೆ, ಅತ್ತೆಗೆ ಕಳಿಸ್ಬೇಕಾದ ಫೋಟೋ ಗಿರಾಕಿಗೆ, ಗಿರಾಕಿ ವಿಳಾಸ ಮನೆ ಗ್ರೂಪಿಗೆ. ಬೇರೆ ಸಿಮ್ ಹಾಕಿ ಬಿಸಿನೆಸ್ ಆ್ಯಪ್ ಇಟ್ಕೊಂಡ್ರೆ ಕ್ಯಾಟಲಾಗ್ ಅಂತ ಒಂದು ಜಾಗ ಇದೆ, ಅದರಲ್ಲಿ ಪ್ರತಿ ಪದಾರ್ಥದ ಫೋಟೋ ಬೆಲೆ ಒಂದು ಸಲ ಹಾಕಿಟ್ರೆ ಆಯ್ತು. ಆರ್ಡರ್ ಬಂದವರಿಗೆ, ದುಡ್ಡು ಬಂದವರಿಗೆ, ಪಾರ್ಸೆಲ್ ಹೋದವರಿಗೆ ಬಣ್ಣಬಣ್ಣದ ಲೇಬಲ್ ಹಾಕಿಡ್ಬಹುದು. ಗ್ರೂಪ್ ಬೇಕಾ, ಒಂದೇ ಮೆಸೇಜನ್ನ ಎಲ್ಲರಿಗೂ ಬೇರೆಬೇರೆಯಾಗಿ ಕಳಿಸೋ ಬ್ರಾಡ್‌ಕಾಸ್ಟ್ ಬೇಕಾ ಅಂತ ಕೇಳ್ತಾರೆ. ಗಿರಾಕಿಗಳನ್ನ ಅವರನ್ನ ಕೇಳದೆ ಗ್ರೂಪಿಗೆ ಸೇರಿಸೋದು ಸರಿಯಲ್ಲ, ಅದರಲ್ಲೂ ಹೆಣ್ಣುಮಕ್ಕಳ ನಂಬರು ಗೊತ್ತಿಲ್ಲದ ನೂರಾರು ಜನಕ್ಕೆ ಕಾಣತ್ತೆ. ಬ್ರಾಡ್‌ಕಾಸ್ಟಲ್ಲಿ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣಲ್ಲ, ಆದ್ರೆ ನಿಮ್ಮ ನಂಬರು ಅವರ ಫೋನಲ್ಲಿ ಸೇವ್ ಆಗಿದ್ರೆ ಮಾತ್ರ ಮೆಸೇಜ್ ಹೋಗತ್ತೆ. ಅದಕ್ಕೇ ಪಾರ್ಸೆಲ್ ಒಳಗೆ ಒಂದು ಚೀಟಿ ಇಟ್ಟು, ಮುಂದಿನ ಸಲ ಮಿಡಿ ಬಂದಾಗ ಸುದ್ದಿ ಬೇಕಾದ್ರೆ ಈ ನಂಬರ್ ಸೇವ್ ಮಾಡ್ಕೊಳ್ಳಿ ಅಂತ ಬರೀತೀವಿ. ಬೇಕಾದವರು ಮಾಡ್ಕೊಳ್ತಾರೆ, ಬೇಡದವರಿಗೆ ನಾವೂ ಕಾಟ ಕೊಡಲ್ಲ.

ಈಗ ಬಾಕಾಹು ಕಡೆನೇ ವಾಪಸ್ ಬಂದು ಒಂದು ಬೇಜಾರಿನ ವಿಷಯ ಹೇಳ್ಬೇಕು. ಬಾಳೆಕಾಯಿ ಹಿಟ್ಟಲ್ಲಿ ಬೇಗ ಜೀರ್ಣ ಆಗದ ಒಂಥರಾ ಪಿಷ್ಟ ಇದೆ, ರೆಸಿಸ್ಟೆಂಟ್ ಸ್ಟಾರ್ಚ್ ಅಂತಾರೆ, ಗ್ಲುಟೆನ್ ಇಲ್ಲ, ಇದೆಲ್ಲ ನಿಜ. ಇಷ್ಟು ಹೇಳಿದ್ರೆ ಸಾಕಿತ್ತು. ಆದ್ರೆ ಕೆಲವರು ಶುಗರ್ ಪೂರ್ತಿ ವಾಸಿ ಆಗತ್ತೆ, ಮಾತ್ರೆ ಬಿಡಬಹುದು ಅಂತೆಲ್ಲ ಪೋಸ್ಟ್ ಹಾಕಿ ಮಾರೋಕೆ ಶುರು ಮಾಡಿದ್ರು. ಯಾರೋ ಪಾಪ ವಯಸ್ಸಾದವರು ಅದನ್ನ ನಂಬಿ ಮಾತ್ರೆ ಬಿಟ್ರೆ? ಆಹಾರ ಪದಾರ್ಥಕ್ಕೆ ರೋಗ ವಾಸಿ ಮಾಡತ್ತೆ ಅಂತ ಸುಳ್ಳು ಜಾಹೀರಾತು ಕೊಡೋದು ಕಾನೂನಿನ ಪ್ರಕಾರಾನೂ ತಪ್ಪು, ಮನುಷ್ಯತ್ವದ ಪ್ರಕಾರಾನೂ ತಪ್ಪು. ನಮ್ಮ ಗ್ರೂಪಲ್ಲಿ ಅಂಥದ್ದು ಬಂದ್ರೆ ಅಡ್ಮಿನ್ ಅಕ್ಕ ತಕ್ಷಣ ಡಿಲೀಟ್ ಮಾಡ್ತಾರೆ, ಮಾಡಿದ್ದು ಯಾಕೆ ಅಂತ ಎಲ್ಲರೆದುರಿಗೇ ಬರೀತಾರೆ. ಅದು ನನಗೆ ತುಂಬ ಹಿಡಿಸಿದ ಪದ್ಧತಿ. ಒಬ್ಬರಿಗೆ ಒಳಗಿಂದೊಳಗೆ ಹೇಳಿದ್ರೆ ಅವರೊಬ್ಬರೇ ಕಲೀತಾರೆ, ಎಲ್ಲರೆದುರು ಮರ್ಯಾದೆಯಿಂದ ಹೇಳಿದ್ರೆ ಗ್ರೂಪೇ ಕಲಿಯತ್ತೆ.

ರೀಲ್ಸ್ ಮಾಡೋರ ವಿಷಯಾನೂ ಇಲ್ಲೇ ಹೇಳಿಬಿಡ್ತೀನಿ. ಫುಡ್ ಪೇಜಿನವರು ನಿಮ್ಮ ಉಪ್ಪಿನಕಾಯಿ ಬಗ್ಗೆ ವಿಡಿಯೋ ಹಾಕ್ತೀವಿ ಇಷ್ಟು ಕೊಡಿ ಅಂತ ಕೇಳ್ತಾರೆ. ದುಡ್ಡು ಕೊಟ್ಟು ಮಾಡಿಸೋದು ತಪ್ಪಲ್ಲ, ಆದ್ರೆ ಅದು ಜಾಹೀರಾತು ಅಂತ ವಿಡಿಯೋದಲ್ಲೇ ಸ್ಪಷ್ಟವಾಗಿ ಇರಬೇಕು, 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ಇದಕ್ಕೆ ಮಾರ್ಗಸೂಚಿನೇ ಹೊರಡಿಸಿದೆ. ಜಾಹೀರಾತು ಅಂತ ಹಾಕಲ್ಲ, ಹಾಕಿದ್ರೆ ಜನ ನೋಡಲ್ಲ ಅನ್ನೋರಿಗೆ ನಾವು ಬೇಡ ಅಂತೀವಿ.

ಇನ್ನು ಮೋಸದ ಆರ್ಡರು. ಹೊಸದಾಗಿ ಮಾರೋಕೆ ಶುರು ಮಾಡಿದ ಹೆಂಗಸರಿಗೆಲ್ಲ ಇದೊಂದು ಕರೆ ಬಂದೇ ಬರತ್ತೆ. ಹಿಂದಿಯಲ್ಲಿ ಮಾತಾಡ್ತಾರೆ, ಆರ್ಮಿ ಕ್ಯಾಂಪಿಂದ ಅಂತಾರೆ, ಯೂನಿಫಾರ್ಮ್ ಹಾಕಿದ ಫೋಟೋ, ಐಡಿ ಕಾರ್ಡ್ ಎಲ್ಲ ಕಳಿಸ್ತಾರೆ, ಇಪ್ಪತ್ತು ಮೂವತ್ತು ಕೇಜಿ ಒಟ್ಟಿಗೆ ಬೇಕು ಅಂತಾರೆ, ರೇಟಲ್ಲಿ ಚೌಕಾಸಿನೇ ಇಲ್ಲ. ಆಮೇಲೆ ಮುಂಗಡ ಹಾಕ್ತೀವಿ ಅಂತ ಒಂದು ಕ್ಯೂಆರ್ ಕೋಡ್ ಕಳಿಸಿ ಇದನ್ನ ಸ್ಕ್ಯಾನ್ ಮಾಡಿ ಪಿನ್ ಹಾಕಿ, ನಿಮಗೆ ದುಡ್ಡು ಬರತ್ತೆ ಅಂತಾರೆ. ಯುಪಿಐಯಲ್ಲಿ ದುಡ್ಡು ಬರೋಕೆ ಪಿನ್ ಬೇಡ, ಪಿನ್ ಕೇಳಿದ್ರೆ ನಿಮ್ಮ ಖಾತೆಯಿಂದ ಹೋಗತ್ತೆ ಅಂತಾನೇ ಅರ್ಥ. ನಮ್ಮ ಪಕ್ಕದೂರಿನ ಒಬ್ಬರು ಹಪ್ಪಳ ಮಾರೋರು ಹೀಗೇ ತಿಂಗಳ ದುಡಿಮೆ ಕಳ್ಕೊಂಡ್ರು, ನಾಚಿಕೆ ಅಂತ ಯಾರಿಗೂ ಹೇಳಿರ್ಲಿಲ್ಲ, ಅವರು ಹೇಳದೇ ಇದ್ದಿದ್ದಕ್ಕೆ ಅದೇ ವಾರ ಇನ್ನೊಬ್ಬರಿಗೂ ಅದೇ ನಂಬರಿಂದ ಕರೆ ಬಂತು. ಹೀಗಾದ್ರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡ್ಬೇಕು, ಎಷ್ಟು ಬೇಗ ಮಾಡಿದ್ರೆ ಅಷ್ಟು ದುಡ್ಡು ತಡೆಹಿಡಿಯೋ ಸಾಧ್ಯತೆ ಇರತ್ತೆ, ಮತ್ತೆ ಗ್ರೂಪಲ್ಲೂ ಹಾಕ್ಬೇಕು. ಮೋಸ ಹೋದವರನ್ನ ಗ್ರೂಪಲ್ಲಿ ಯಾರೂ ಗೇಲಿ ಮಾಡ್ಬಾರ್ದು, ಗೇಲಿ ಮಾಡಿದ್ರೆ ಮುಂದಿನವರು ಬಾಯಿ ಬಿಡಲ್ಲ.

ವ್ಯಾಪಾರದ ಮಾತು ಉದ್ದ ಆಯ್ತು, ಕಲಿಕೆ ವಿಷಯಕ್ಕೆ ಬರ್ತೀನಿ. ನಮ್ಮ ಕಡೆ ಅಡಿಕೆ ತೋಟ ಅಂದ್ರೆ ಮಳೆಗಾಲಕ್ಕೆ ಮುಂಚೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋದು. ವರ್ಕ್ ಫ್ರಂ ಹೋಂ ಅಂತ ಊರಿಗೆ ಬಂದ ಹುಡುಗ್ರು ಎಷ್ಟೋ ಜನ ಇದನ್ನ ಯೂಟ್ಯೂಬ್ ನೋಡಿ ಕಲಿಯೋಕೆ ಹೊರಟ್ರು, ತುಂಬ ಒಳ್ಳೇದು. ಲೆಕ್ಕ ಎಲ್ಲರಿಗೂ ಗೊತ್ತು, ಒಂದು ಕೇಜಿ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕೇಜಿ ಸುಣ್ಣ, ನೂರು ಲೀಟರ್ ನೀರು, ಶೇಕಡಾ ಒಂದರ ದ್ರಾವಣ. ಆದ್ರೆ ಮೂವತ್ತು ಸೆಕೆಂಡಿನ ವಿಡಿಯೋದಲ್ಲಿ ಇಷ್ಟೇ ಇರತ್ತೆ. ಮೈಲುತುತ್ತನ ಐವತ್ತು ಲೀಟರಲ್ಲಿ ಬೇರೆ, ಸುಣ್ಣನ ಐವತ್ತು ಲೀಟರಲ್ಲಿ ಬೇರೆ ಕರಗಿಸಿ, ಮೈಲುತುತ್ತದ ನೀರನ್ನ ಸುಣ್ಣದ ನೀರಿಗೆ ನಿಧಾನಕ್ಕೆ ಹೊಯ್ತಾ ತಿರುಗಿಸ್ಬೇಕು, ಕಬ್ಬಿಣದ ಪಾತ್ರೆ ಬಳಸಬಾರ್ದು, ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು, ಮಾಡಿದ್ದನ್ನ ಅವತ್ತೇ ಹೊಡೆದು ಮುಗಿಸ್ಬೇಕು, ಇದೆಲ್ಲ ಆ ವಿಡಿಯೋದಲ್ಲಿ ಇರಲ್ಲ. ನಮ್ಮ ಅಪ್ಪಯ್ಯ ಇವತ್ತಿಗೂ ಕತ್ತಿ ಅದ್ದಿ ನೋಡ್ತಾರೆ. ಸ್ವಲ್ಪ ಹೊತ್ತು ಬಿಟ್ಟು ತೆಗೆದಾಗ ಕತ್ತಿ ಮೇಲೆ ಕೆಂಪಗೆ ತಾಮ್ರ ಕೂತಿದ್ರೆ ಸುಣ್ಣ ಸಾಲದು, ಇನ್ನೂ ಹಾಕ್ಬೇಕು, ಇಲ್ದಿದ್ರೆ ಅಡಿಕೆ ಗೊನೆ ಸುಟ್ಟು ಹೋಗತ್ತೆ. ಒಬ್ಬ ಹುಡುಗ ಆ ಕತ್ತಿ ಅದ್ದೋದನ್ನ ವಿಡಿಯೋ ಮಾಡಿ ಊರಿನ ಗ್ರೂಪಿಗೆ ಹಾಕಿದ. ಸುಣ್ಣ ಸಾಲದ ದ್ರಾವಣದಲ್ಲಿ ಅದ್ದಿದ ಕತ್ತಿ, ಸರಿಯಾದ ದ್ರಾವಣದಲ್ಲಿ ಅದ್ದಿದ ಕತ್ತಿ, ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ್ದ. ಸುಣ್ಣ ಯಾವ ಅಂಗಡೀದು, ಹಳೇದಾಗಿದ್ರೆ ಎಷ್ಟು ಜಾಸ್ತಿ ಬೇಕು, ಅಂತ ಹಿರಿಯರೆಲ್ಲ ವಾಯ್ಸ್ ಮೆಸೇಜಲ್ಲಿ ಅವನಿಗೆ ಉತ್ತರ ಕೊಟ್ರು. ಟೈಪ್ ಮಾಡೋಕೆ ಬಾರದ ಹಿರಿಯರ ಹತ್ರ ಇರೋ ತಿಳುವಳಿಕೆ ಹೊರಗೆ ಬರೋಕೆ ಈ ವಾಯ್ಸ್ ಮೆಸೇಜ್ ಮಾಡಿದಷ್ಟು ಉಪಕಾರ ಬೇರೆ ಯಾವುದೂ ಮಾಡಿಲ್ಲ ಅಂತ ನನಗೆ ಅನ್ಸತ್ತೆ.

ಅಡಿಕೆಗೆ ಎಲೆಚುಕ್ಕೆ ರೋಗ ಬಂದಾಗ ಇದೇ ಗ್ರೂಪುಗಳು ಗೊಂದಲದ ಗೂಡೂ ಆಗಿದ್ವು. ಒಂದು ಮಸುಕಾದ ಫೋಟೋ ಹಾಕಿ ಇದಕ್ಕೇನು ಔಷಧಿ ಅಂತ ಕೇಳಿದ್ರೆ ಹತ್ತು ಜನ ಹತ್ತು ಔಷಧಿ ಹೇಳ್ತಾರೆ, ಅದರಲ್ಲಿ ಇಬ್ಬರು ಅದನ್ನೇ ಮಾರೋರು. ಹಾಗಾಗಿ ಕೇಳೋದಕ್ಕೂ ಒಂದು ಕ್ರಮ ಬೇಕು. ಎಲೆಯ ಮೇಲ್ಭಾಗ ಕೆಳಭಾಗ ಎರಡೂ ಕಾಣೋ ಫೋಟೋ, ಇಡೀ ಮರದ್ದೊಂದು ಫೋಟೋ, ಯಾವ ಊರು, ಮರಕ್ಕೆ ಎಷ್ಟು ವರ್ಷ, ಕೊನೇ ಸಲ ಏನು ಹೊಡೆದಿದ್ದು ಯಾವಾಗ, ಇಷ್ಟು ಹಾಕಿದ್ರೆ ಗೊತ್ತಿರೋರು ಸರಿಯಾದ ಉತ್ತರ ಕೊಡಬಹುದು. ಉತ್ತರ ಕೊಡೋರೂ ಅಷ್ಟೇ, ನಾನು ನನ್ನ ತೋಟದಲ್ಲಿ ಮಾಡಿ ನೋಡಿದ್ದು ಇದು, ನಾನು ಕೇಳಿದ್ದು ಇದು ಅಂತ ಬೇರೆಬೇರೆ ಮಾಡಿ ಹೇಳ್ಬೇಕು. ಕೊನೆಗೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ, ವಿಟ್ಲದ ಸಿಪಿಸಿಆರ್‌ಐ (ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರದವರಿಗೋ ತೋರಿಸಿ ಖಾತ್ರಿ ಮಾಡ್ಕೊಂಡೇ ಔಷಧಿ ಹೊಡೆಯೋದು ಒಳ್ಳೇದು. ಗ್ರೂಪಲ್ಲಿ ಸಿಗೋದು ಯಾರನ್ನ ಕೇಳ್ಬೇಕು ಅನ್ನೋ ದಾರಿ, ತೋಟಕ್ಕೆ ವಿಷ ಸುರಿಯೋ ನಿರ್ಧಾರ ಅಲ್ಲಿ ಆಗಬಾರ್ದು.

ಫಾರ್ವರ್ಡ್ ಮಾಡೋದನ್ನ ಸಣ್ಣ ವಿಷಯ ಅಂತ ಬಿಡೋರಿಗೆ ಒಂದು ನೆನಪು ಮಾಡ್ಬೇಕು. 2018ರ ಜುಲೈಯಲ್ಲಿ ನಮ್ಮದೇ ರಾಜ್ಯದ ಬೀದರ್ ಜಿಲ್ಲೆಯ ಮುರ್ಕಿ ಅನ್ನೋ ಹಳ್ಳಿ ಹತ್ರ, ಮಕ್ಕಳ ಕಳ್ಳರು ಅನ್ನೋ ವಾಟ್ಸಾಪ್ ಸುದ್ದಿ ನಂಬಿದ ಜನ ಹೈದರಾಬಾದಿಂದ ಬಂದಿದ್ದ ಒಬ್ಬ ಇಂಜಿನಿಯರನ್ನ ಹೊಡೆದು ಕೊಂದ್ರು. ದೇಶದಲ್ಲಿ ಅಂಥ ಸಾವುಗಳು ಒಂದರ ಮೇಲೊಂದು ಆದ್ಮೇಲೇ ವಾಟ್ಸಾಪಿನವರು ಭಾರತದಲ್ಲಿ ಒಂದು ಮೆಸೇಜನ್ನ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡೋ ಮಿತಿ ತಂದಿದ್ದು. ಊರಿನ ಉಪ್ಪಿನಕಾಯಿ ಗ್ರೂಪಲ್ಲಿ ಇಂಥ ಮೆಸೇಜಿಗೆ ಜಾಗ ಇಲ್ಲ ಅಂತ ನಿಯಮ ಮಾಡಿದ್ರೆ ಅತಿ ಆಯ್ತು ಅಂತ ಯಾರೂ ಅನ್ನಬಾರ್ದು.

ಓದೋ ಮಕ್ಕಳ ವಿಷಯ. ಅಣ್ಣನ ಮಗಳು ಸೆಕೆಂಡ್ ಪಿಯುಸಿ ಓದುವಾಗ ಅವಳ ಫೋನ್ ಕಸಿದು ಇಟ್ಬಿಡೋದಾ ಅಂತ ಅಣ್ಣ ಕೇಳಿದ. ನಾನು ಬೇಡ ಅಂದೆ. ಅವಳು ಫಿಸಿಕ್ಸ್ ಲೆಕ್ಕಕ್ಕೆ ಯೂಟ್ಯೂಬ್ ನೋಡ್ತಾಳೆ, ನೋಡಿ ಆದ್ಮೇಲೆ ಫೋನ್ ಬೋರಲು ಹಾಕಿ ಅದೇ ಲೆಕ್ಕ ಹಾಳೆ ಮೇಲೆ ಮಾಡ್ತಾಳೆ, ಬರದೇ ಇದ್ರೆ ಎಲ್ಲಿ ಸಿಕ್ಕಿಹಾಕ್ಕೊಂಡೆ ಅಂತ ಗೆಳತಿಯರ ಗ್ರೂಪಿಗೆ ಹಾಳೆ ಫೋಟೋ ಹಾಕ್ತಾಳೆ. ಅದು ಓದು. ಒಂದಾದ ಮೇಲೊಂದು ವಿಡಿಯೋ ತಾನಾಗೇ ಓಡ್ತಾ ಇದ್ರೆ ಅದು ಓದಲ್ಲ, ಹಾಗಾಗಿ ಆಟೋಪ್ಲೇ ಆಫ್ ಮಾಡಿಟ್ಟಿದಾಳೆ. ಟೆಲಿಗ್ರಾಮಲ್ಲಿ ಪರೀಕ್ಷೆ ಹತ್ರ ಬಂದಾಗ ಕ್ವೆಶ್ಚನ್ ಪೇಪರ್ ಸಿಗತ್ತೆ ಇಷ್ಟು ದುಡ್ಡು ಹಾಕಿ ಅಂತ ಚಾನೆಲ್‌ಗಳು ಹುಟ್ಕೊಳ್ತವೆ, ಮಕ್ಕಳಿಗೆ ಮುಂಚೆನೇ ಹೇಳಿಡಿ. ಇಂಜಿನಿಯರಿಂಗ್ ಓದೋರು ಎನ್‌ಪಿಟಿಇಎಲ್, ಸ್ವಯಂ ಅನ್ನೋ ಆನ್‌ಲೈನ್ ಪಾಠದ ತಾಣ ನೋಡ್ಬೇಕು, ಐಐಟಿ ಮೇಷ್ಟ್ರ ಪಾಠ ಪುಕ್ಕಟೆ, ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ ಶುಲ್ಕ. ಮೇಷ್ಟ್ರುಗಳೂ ಹೀಗೇ ಕಲಿಯಬಹುದು ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಮೇಷ್ಟ್ರುಗಳ ತರಬೇತಿ ನೋಡ್ಕೊಳ್ಳೋ ರಾಜ್ಯದ ಡಿಎಸ್‌ಇಆರ್‌ಟಿ ಮತ್ತೆ ಐಟಿ ಫಾರ್ ಚೇಂಜ್ ಅನ್ನೋ ಸಂಸ್ಥೆ ಸೇರಿ ಸರ್ಕಾರಿ ಹೈಸ್ಕೂಲ್ ಮೇಷ್ಟ್ರುಗಳಿಗೆ ಸಬ್ಜೆಕ್ಟ್ ಟೀಚರ್ ಫೋರಂ ಅಂತ ವಿಷಯವಾರು ಗುಂಪು ಮಾಡಿದ್ರು, ಗಣಿತದವರು ಗಣಿತದವರ ಜೊತೆ, ವಿಜ್ಞಾನದವರು ವಿಜ್ಞಾನದವರ ಜೊತೆ. ಅವರು ಮಾಡಿದ ಪಾಠದ ಸಾಮಗ್ರಿ ಕನ್ನಡದಲ್ಲಿ ಕೋಯರ್ ಅನ್ನೋ ಮುಕ್ತ ತಾಣಕ್ಕೆ ಹೋಯ್ತು, ಯಾರು ಬೇಕಾದ್ರೂ ಬಳಸ್ಬಹುದು. ಗುಂಪಿಗೆ ಒಂದೇ ಉದ್ದೇಶ ಇದ್ರೆ ಎಷ್ಟು ಕೆಲಸ ಆಗತ್ತೆ ನೋಡಿ, ನಮ್ಮ ಎಷ್ಟೋ ಗ್ರೂಪುಗಳು ಬೆಳಗಿನ ಶುಭೋದಯದ ಹೂವಿನ ಕೆಳಗೇ ಮುಚ್ಚಿಹೋಗಿವೆ.

ಕೆಲಸ ಹುಡುಕೋ ಹುಡುಗ್ರಿಗೆ ಲಿಂಕ್ಡ್‌ಇನ್ ಬಗ್ಗೆ ಎರಡೇ ಮಾತು. ಹಳ್ಳಿಯವರು ನಮಗ್ಯಾಕೆ ಅಂತ ಬಿಡ್ಬೇಡಿ, ಮಾಡಿದ ಪ್ರಾಜೆಕ್ಟ್ ಏನು, ಅದರಲ್ಲಿ ನಿಮ್ಮ ಪಾಲಿನ ಕೆಲಸ ಯಾವುದು ಅಂತ ನಾಲ್ಕು ಸಾಲು ಸರಿಯಾಗಿ ಬರೆದ್ರೆ ನೋಡೋರು ನೋಡ್ತಾರೆ. ಕೆಲಸ ಕೊಡ್ತೀವಿ ಮೊದಲು ಟ್ರೈನಿಂಗ್ ಫೀ ಹಾಕಿ ಅಂದ್ರೆ ಅಲ್ಲಿಗೇ ಮಾತು ನಿಲ್ಸಿ.

ಕೊನೇದಾಗಿ, ಈ ತಾಣಗಳು ಯಾವುವೂ ನಮ್ಮವಲ್ಲ ಅನ್ನೋದನ್ನ ವ್ಯಾಪಾರ ಮಾಡೋರು ಮರೀಬಾರ್ದು. ಒಂದು ಕಾಲಕ್ಕೆ ಎಲ್ಲರೂ ಬಳಸ್ತಿದ್ದ ಆರ್ಕುಟ್ ಅನ್ನೋ ತಾಣ 2014ರ ಸೆಪ್ಟೆಂಬರಲ್ಲಿ ಮುಚ್ಚಿತು. ಟಿಕ್‌ಟಾಕ್ 2020ರ ಜೂನ್ 29ಕ್ಕೆ ಬ್ಯಾನ್ ಆಯ್ತು, ಅದನ್ನೇ ನಂಬಿ ಗಿರಾಕಿ ಕಟ್ಟಿಕೊಂಡಿದ್ದೋರಿಗೆ ಗಿರಾಕಿಗಳ ನಂಬರು ಕೂಡ ಉಳೀಲಿಲ್ಲ. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಮ್ ಮೂರೂ ಒಟ್ಟಿಗೆ ಆರು ಗಂಟೆ ಹೊತ್ತು ನಿಂತು ಹೋಗಿದ್ವು. ಅಕೌಂಟ್ ಹ್ಯಾಕ್ ಆಗೋದಂತೂ ದಿನಾ ಕೇಳ್ತೀವಿ, ಟೂ ಸ್ಟೆಪ್ ವೆರಿಫಿಕೇಶನ್ ಇವತ್ತೇ ಆನ್ ಮಾಡ್ಕೊಳ್ಳಿ, ಆರಂಕಿಯ ಓಟಿಪಿ ತಂಗಿ ಕೇಳಿದ್ಲು ಅಂತ ಮೆಸೇಜ್ ಬಂದ್ರೂ ಫೋನ್ ಮಾಡಿ ವಿಚಾರಿಸದೆ ಕೊಡ್ಬೇಡಿ. ನಮ್ಮ ಅತ್ತಿಗೆ ಉದ್ದದ ರೂಲ್ ಪುಸ್ತಕ ಒಂದು ಇಟ್ಟಿದಾರೆ. ಹೆಸರು, ಊರು, ಫೋನ್ ನಂಬರು, ಏನು ಕಳಿಸಿದ್ದು, ಖಾರ ಜಾಸ್ತಿ ಬೇಕಾ ಕಮ್ಮಿನಾ, ಪಾರ್ಸೆಲ್ ಮುಟ್ಟಿದ ತಾರೀಕು, ಬಾಟಲಿ ಸೋರಿತ್ತಾ ಇಲ್ವಾ. ತಿಂಗಳಿಗೊಮ್ಮೆ ನಾನು ಕೂತು ಅದನ್ನ ಕಂಪ್ಯೂಟರಿಗೆ ಏರಿಸ್ತೀನಿ. ನೀವು ಇವತ್ತು ಶುರು ಮಾಡೋದಾದ್ರೆ ಪೇಜ್ ಮಾಡೋದಕ್ಕಿಂತ ಮೊದಲು ಆ ಪುಸ್ತಕ ತಂದಿಡಿ, ಕೊನೇ ಕಾಲಮ್ಮಿಗೆ "ಇವರು ಕೇಳಿದ ಪ್ರಶ್ನೆ" ಅಂತ ಬರೀರಿ. ಮುಂದೆ ಏನು ಪೋಸ್ಟ್ ಹಾಕ್ಬೇಕು ಅಂತ ತಲೆ ಕೆಡಿಸ್ಕೊಳ್ಳೋದು ಬೇಡ, ಆ ಕಾಲಮ್ಮಲ್ಲೇ ಸಿಗತ್ತೆ.